ನೇರಳೆ ಮರದ ಕೆಳಗೆ ಒಂದು ಜೊತೆ ಚಪ್ಪಲಿ

ನಾನು ಚಿಕ್ಕವಳಿದ್ದಾಗ ನನ್ನ ನಿಜವಾದ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ನೆನಪಿರುತ್ತಿರಲಿಲ್ಲ. ಎಲ್ಲರಿಗೂ ನಾನು ‘ಮೊಂಡಿ’. ಹಾಗಲಕಾಯಿ ಗೊಜ್ಜು ತಿನ್ನುವುದಿಲ್ಲ ಅಂತ ಹಟ ಹಿಡಿದು ತಟ್ಟೆಯ ಮುಂದೆ ಸಂಜೆಯವರೆಗೂ ಕೂತವಳು ನಾನು. ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು, ಅಕ್ಕ ಕಿಸಕ್ಕನೆ ನಗುತ್ತಿದ್ದಳು. ಮಕ್ಕಳೇ, ನೀವು ಹಟ ಮಾಡಿ ಅಮ್ಮನ ಹತ್ತಿರ ಬೈಸಿಕೊಳ್ಳುವಾಗ ಈ ನಿಮ್ಮ ಅಜ್ಜಿ ಮಾತ್ರ ಸುಮ್ಮನೆ ಕೂತಿರುತ್ತಾಳಲ್ಲ, ಅದಕ್ಕೆ ಕಾರಣವಿದೆ. ನನ್ನ ಹಟ ಒಂದು ಭಾನುವಾರ ಬಹಳ ದೊಡ್ಡ ಕೆಲಸಕ್ಕೆ ಬಂದಿತ್ತು.

ಆಗ ನಮ್ಮ ಮನೆ ರಾಜಾಜಿನಗರದಲ್ಲಿತ್ತು. ಗೇಟಿನ ಪಕ್ಕದಲ್ಲೇ ಒಂದು ನೇರಳೆ ಮರ. ಹಣ್ಣಿನ ಕಾಲ ಬಂತೆಂದರೆ ಅಂಗಳವೆಲ್ಲ ನೇರಳೆ ಬಣ್ಣ, ನಮ್ಮ ನಾಲಿಗೆ, ಅಂಗಾಲು, ಲಂಗದ ಅಂಚು ಎಲ್ಲವೂ ಅದೇ ಬಣ್ಣ. ಒಗೆದೂ ಒಗೆದೂ ಅಮ್ಮನಿಗೆ ಸಾಕಾಗಿ ಹೋಗುತ್ತಿತ್ತು. ಆ ವರ್ಷ ಮರ ಎತ್ತರಕ್ಕೆ ಬೆಳೆದು ಕೊಂಬೆಗಳು ಕರೆಂಟಿನ ತಂತಿಯವರೆಗೂ ಹೋಗಿಬಿಟ್ಟಿದ್ದವು. ಗಾಳಿ ಬೀಸಿದರೆ ಸಾಕು, ಚಟ್ ಚಟ್ ಅಂತ ಕಿಡಿ ಹಾರುತ್ತಿತ್ತು, ಸುಟ್ಟ ಎಲೆಯ ವಾಸನೆ ಅಡುಗೆಮನೆಗೂ ಬರುತ್ತಿತ್ತು.

ನಮ್ಮ ಅಪ್ಪ ಕರೆಂಟ್ ಆಫೀಸಿನಲ್ಲಿದ್ದರು. ತಂತಿಗೆ ತಾಗುವ ಕೊಂಬೆಗಳನ್ನು ಕಡಿಸುವುದು, ಹೊಸದಾಗಿ ಸೇರಿದ ಹುಡುಗರಿಗೆ ಆ ಕೆಲಸ ಕಲಿಸುವುದು, ಎರಡೂ ಅವರದೇ ಜವಾಬ್ದಾರಿ. ಮಳೆಗಾಲ ಶುರುವಾಗುವ ಹೊತ್ತಿನ ಆ ಭಾನುವಾರ ಹೊಸ ಹುಡುಗರನ್ನೆಲ್ಲ ನಮ್ಮ ಮನೆಗೇ ಕರೆದುಕೊಂಡು ಬಂದರು. ನಮ್ಮ ನೇರಳೆ ಮರವೇ ಅವತ್ತಿನ ಪಾಠಶಾಲೆ. ಅಮ್ಮ ಬೆಳಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕಿ ಎಲ್ಲರಿಗೂ ಬಡಿಸಿದಳು. ಆ ಹುಡುಗರಲ್ಲಿ ಸಣ್ಣಗೆ, ಗಿಡ್ಡಗೆ ಇದ್ದ ಒಬ್ಬ ಅಣ್ಣ ಕೆಂಗೇರಿಯಿಂದ ಸೈಕಲ್ ತುಳಿದುಕೊಂಡು ಬಂದಿದ್ದ. ಆಗ ಕೆಂಗೇರಿ ಅಂದರೆ ನಮಗೆ ಬೇರೆ ಊರೇ. ಅವನು ಮೂರು ಸಲ ಹಾಕಿಸಿಕೊಂಡು ತಿಂದಿದ್ದು ನೋಡಿ ನಾನೂ ಅಕ್ಕನೂ ಕಣ್ಣು ಕಣ್ಣು ಬಿಟ್ಟೆವು.

ತಿಂಡಿ ಆದ ಮೇಲೆ ಅಪ್ಪ ಪಾಠ ಶುರು ಮಾಡಿದರು. "ಹಸಿ ಕೊಂಬೆ ಒಳಗೆ ನೀರಿರುತ್ತೆ ಕಣ್ರಪ್ಪಾ. ಒಂದು ತುದಿ ತಂತಿಗೆ ತಾಗಿದ್ರೆ ಇನ್ನೊಂದು ತುದಿ ಹಿಡ್ಕೊಂಡೋನು ಉಳಿಯಲ್ಲ. ಅದಕ್ಕೆ ಮೊದ್ಲು ಲೈನ್ ಆಫ್, ಆಮೇಲೆ ಮರ." ಹೀಗೆ ಹೇಳಿ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಿ ಬಿಳಿ ಪಿಂಗಾಣಿಯ ಫ್ಯೂಸುಗಳನ್ನು ಕಿತ್ತು ತಂದರು. ಅವನ್ನು ಮತ್ತೆ ಸಿಕ್ಕಿಸುವ ತನಕ ನಮ್ಮ ಬೀದಿಗೆ ಕರೆಂಟ್ ಬರುವ ಹಾಗಿಲ್ಲ. ತಂತಿಗೆ ಬಲ್ಬು ತಾಗಿಸಿ, ಅದು ಹೊತ್ತಿಕೊಳ್ಳುವುದಿಲ್ಲ ಅಂತ ಎಲ್ಲರಿಗೂ ತೋರಿಸಿದರು.

ಆಮೇಲೆ ಫ್ಯೂಸುಗಳನ್ನು ತರಕಾರಿ ಚೀಲಕ್ಕೆ ಹಾಕಿ, "ನಮ್ಮ ಮೊಂಡಿ ಎಲ್ಲಿ?" ಅಂತ ಕೂಗಿದರು. ಅಕ್ಕನನ್ನಲ್ಲ, ನನ್ನನ್ನು! ನನ್ನನ್ನು ಜಗಲಿಯ ಮೇಲೆ ಕೂರಿಸಿ ಚೀಲವನ್ನು ಮಡಿಲಲ್ಲಿಟ್ಟರು. ಮರ ಹತ್ತುವವರೆಲ್ಲ ಬರಿಗಾಲಲ್ಲಿ ಹತ್ತುತ್ತಿದ್ದ ಕಾಲ ಅದು. ಒಬ್ಬೊಬ್ಬರಾಗಿ ಬಂದು ನನ್ನ ಮುಂದೆ ಚಪ್ಪಲಿ ಬಿಟ್ಟು ಹೋದರು. ಅಪ್ಪನ ತಂಡದಲ್ಲಿ ಅದೊಂದು ಪದ್ಧತಿ. ಫ್ಯೂಸ್ ಕಾಯುವವರ ಮುಂದೆ ಚಪ್ಪಲಿ ಬಿಡಬೇಕು, ಇಳಿದ ಮೇಲೆ ಅಲ್ಲೇ ಬಂದು ಮೆಟ್ಟಿಕೊಳ್ಳಬೇಕು.

"ಒಂದೇ ಒಂದು ಜೊತೆ ಉಳಿದಿದ್ರೂ ಇದನ್ನ ಯಾರಿಗೂ ಕೊಡಬಾರದು," ಅಂದರು ಅಪ್ಪ. "ನಾನೇ ಬಂದು ಕೇಳಿದ್ರೂ ಕೊಡಬಾರದು. ಗೊತ್ತಾಯ್ತಾ?"

ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ ನೀರು ಕುಡಿಯುವುದಕ್ಕೂ ಏಳಲಿಲ್ಲ.

ಮರದ ಮೇಲೆ ಮಚ್ಚಿನ ಸದ್ದು ಶುರುವಾಯಿತು. ಮೊದಲು ಕೊಂಬೆಗೆ ಹಗ್ಗ ಕಟ್ಟುವುದು, ಆಮೇಲೆ ಕಡಿಯುವುದು, ಕಡಿದದ್ದನ್ನು ನಿಧಾನವಾಗಿ ಇಳಿಸುವುದು. ಹಸಿ ಎಲೆಯ ಒಗರು ವಾಸನೆ ಬೀದಿಯೆಲ್ಲ ಹರಡಿತು. ಕೊಂಬೆ ಇಳಿದಾಗಲೆಲ್ಲ ಬೀದಿಯ ಮಕ್ಕಳು ಹಣ್ಣಿಗೆ ಮುಗಿಬೀಳುತ್ತಿದ್ದರು, ಅಪ್ಪ "ಹಿಂದೆ, ಹಿಂದೆ!" ಅಂತ ಓಡಿಸುತ್ತಿದ್ದರು. ಅಕ್ಕ ಮಾತ್ರ ಒಂದು ಬೊಗಸೆ ತಂದು ನನ್ನ ಬಾಯಿಗೆ ಒಂದೊಂದೇ ಹಾಕಿದಳು, ಯಾಕೆಂದರೆ ನನ್ನ ಎರಡು ಕೈಯೂ ಚೀಲದ ಮೇಲಿದ್ದವು.

ನಮ್ಮ ಎದುರುಗಡೆಯೇ ಹಿಟ್ಟಿನ ಮಿಲ್ಲು. ಭಾನುವಾರವಾದ್ದರಿಂದ ಅಲ್ಲಿ ರಾಗಿ ಡಬ್ಬಗಳ ಸಾಲೇ ಸಾಲು. ಜೊತೆಗೆ ಹಿಂದಿನ ಬೀದಿಯ ಮದುವೆ ಮನೆಯವರು ಚಕ್ಕುಲಿ ಹಿಟ್ಟಿಗೆಂದು ಬಂದು ಕಾಯುತ್ತಿದ್ದರು. ಮಿಲ್ಲಿನ ಯಜಮಾನರಿಗೆ ತಡೆಯಲಾಗಲಿಲ್ಲ. "ಏನ್ ಸಾರ್, ಇನ್ನೂ ಆಗ್ಲಿಲ್ವಾ? ಮದುವೆ ಮನೆಯೋರು ನನ್ ತಲೆ ತಿಂತಾವ್ರೆ!" ಅಂತ ಬಂದು ನಿಂತರು. ಬೇಗ ಮುಗಿಯಲಿ ಅಂತ ಕೊಂಬೆ ಎಳೆಯಲು ತಮ್ಮ ಕೆಲಸದವನನ್ನೂ ಕಳಿಸಿದ್ದರು. ಅವನು ಹಾಕಿದ್ದು ಖಾಕಿ ಚಡ್ಡಿ. ನಮ್ಮ ಹುಡುಗರದೂ ಖಾಕಿ ಚಡ್ಡಿಯೇ.

ಕೊನೆಗೆ ಕೊಂಬೆಗಳೆಲ್ಲ ಇಳಿದವು. ಅಪ್ಪ ಅವಸರದಲ್ಲಿ ಖಾಕಿ ಚಡ್ಡಿಗಳನ್ನು ಎಣಿಸಿದರು. ಲೆಕ್ಕ ಸರಿಯಾಯಿತು. ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು ಕೈ ಚಾಚಿದರು.

"ಕೊಡು ಪುಟ್ಟಿ, ಎಲ್ಲಾ ಇಳಿದ್ರು."

"ಕೊಡಲ್ಲ."

ಸುತ್ತ ಇದ್ದವರೆಲ್ಲ ಗೊಳ್ಳನೆ ನಕ್ಕರು. "ಅಪ್ಪನ ಮಾತೂ ಕೇಳಲ್ವೇನೇ ಮೊಂಡಿ?" ಅಂದರು ಮಿಲ್ಲಿನವರು. ಗೇಟಿನಿಂದ ಅಮ್ಮ, "ಕೊಡೇ, ಜನ ಕಾಯ್ತಿದಾರೆ," ಅಂದಳು. ಅಪ್ಪ ಚೀಲದ ಹಿಡಿ ಎಳೆದರು. ನಾನು ಅದನ್ನು ಎದೆಗೆ ಅವಚಿಕೊಂಡೆ. ನನಗೆ ಅಳು ಬಂದೇಬಿಟ್ಟಿತು. ಅಳುತ್ತಲೇ ಕಿರುಚಿದೆ.

"ಚಪ್ಪಲಿ ಇದೆ ಅಪ್ಪಾ!"

ನನ್ನ ಕಾಲ ಹತ್ತಿರ ಟೈರಿನ ಅಟ್ಟೆಯ ಹಳೇ ಚಪ್ಪಲಿ ಒಂದು ಜೊತೆ ಹಾಗೇ ಬಿದ್ದಿತ್ತು. ಅಪ್ಪ ಅದನ್ನು ನೋಡಿದರು. ಅವರ ಕೈ ಚೀಲ ಬಿಟ್ಟಿತು. ಅಷ್ಟರಲ್ಲಿ ಮೇಲಿನಿಂದ ಒಂದು ನೇರಳೆ ಬೀಜ ಟಪ್ ಅಂತ ಮಿಲ್ಲಿನವರ ಬಿಳಿ ಬನಿಯನ್ನಿನ ಮೇಲೆ ಬಿತ್ತು.

ಎಲ್ಲರೂ ತಲೆ ಎತ್ತಿದೆವು. ಮರದ ಆ ಕಡೆಯ ದಟ್ಟ ಎಲೆಗಳ ನಡುವೆ ಕೆಂಗೇರಿ ಅಣ್ಣ ಆರಾಮಾಗಿ ಕೂತಿದ್ದ. ಒಂದು ಕೈಯಲ್ಲಿ ಹಣ್ಣಿನ ಗೊಂಚಲು. ಇನ್ನೊಂದು ಕೈಯಲ್ಲಿ, ಬೀಳದ ಹಾಗೆ ಆಸರೆಗೆ ಅಂತ, ಬಟ್ಟೆ ಒಣಹಾಕುವ ಹಗ್ಗ ಹಿಡಿದ ಹಾಗೆ, ಕರೆಂಟಿನ ತಂತಿಯನ್ನೇ ಹಿಡಿದುಕೊಂಡಿದ್ದ.

"ಬಂದೆ ಸಾರ್, ಇದೊಂದ್ ಗೊಂಚಲು!" ಅಂದ, ಬಾಯಿ ತುಂಬ ಹಣ್ಣಿಟ್ಟುಕೊಂಡು.

ಅಪ್ಪ ಬೈಯಲಿಲ್ಲ. "ನಿಧಾನಕ್ಕೆ ಇಳಿಯಪ್ಪಾ," ಅಂದರು ಅಷ್ಟೇ. ಅವನು ಇಳಿದ ಮೇಲೆ ಗಟ್ಟಿಯಾಗಿ ತಬ್ಬಿಕೊಂಡರು. ಏನಾಯಿತೆಂದು ಗೊತ್ತಾದ ಮೇಲೆ ಕೆಂಗೇರಿ ಅಣ್ಣ ನನ್ನ ಮುಂದೆ ಬಂದು ಕೂತ, ಅಂಗಿಯಲ್ಲಿ ಕಟ್ಟಿಕೊಂಡಿದ್ದ ಹಣ್ಣನ್ನೆಲ್ಲ ನನ್ನ ಮಡಿಲಿಗೆ ಸುರಿದ, ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿಕೊಂಡ. ಆಗ ನಾನು ಚೀಲವನ್ನು ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಹುಡುಗರ ಕಡೆ ತಿರುಗಿ, "ಇವತ್ತು ಪಾಠ ತಪ್ಪಿದೋನು ನಾನು. ಮಿಲ್ಲಿನ ಕೆಲಸದೋನನ್ನೂ ಸೇರಿಸಿ ಎಣಿಸಿಬಿಟ್ಟೆ. ನೆನಪಿಟ್ಕೊಂಡಿದ್ದು ಇವಳು," ಅಂದರು. ಸ್ವಲ್ಪ ಹೊತ್ತಿಗೆ ಮಿಲ್ಲು ಗುಡುಗುಡು ಅಂತ ತಿರುಗಿತು, ಬೀದಿಯೆಲ್ಲ ಹೋ ಅಂತ ಕೂಗಿತು. ನಾವೆಲ್ಲ ಹಣ್ಣಿಗೆ ಉಪ್ಪು ಹಚ್ಚಿಕೊಂಡು ತಿಂದು, ಯಾರ ನಾಲಿಗೆ ಹೆಚ್ಚು ನೇರಳೆ ಅಂತ ಒಬ್ಬರಿಗೊಬ್ಬರು ತೋರಿಸಿಕೊಂಡೆವು. ಸಂಜೆ ಮದುವೆ ಮನೆಯಿಂದ ಒಂದು ತಟ್ಟೆ ಬಿಸಿ ಚಕ್ಕುಲಿ ಬಂತು, ‘ಮೊಂಡಿಗೆ’ ಅಂತ ಹೇಳಿ ಕಳಿಸಿದ್ದರು. ಅಕ್ಕನಿಗೆ ಎರಡೇ ಎರಡು ಕೊಟ್ಟೆ.

ಈಗ ನೋಡಿ, ಕೆಂಗೇರಿಗೆ ನೀವು ಮೆಟ್ರೋದಲ್ಲಿ ಹೋಗಿ ಬಂದುಬಿಡುತ್ತೀರಿ. ಮರ ಕಡಿಯುವವರು ತೊಟ್ಟಿಲಿನಂಥ ಬುಟ್ಟಿಯಿರುವ ಗಾಡಿಯಲ್ಲಿ ಮೇಲೆ ಹೋಗುತ್ತಾರೆ. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಬೆಲ್ಟು, ಕಾಲಿಗೆ ಬೂಟು. ಕಾಯುವುದಕ್ಕೆ ಚಪ್ಪಲಿಯೂ ಇಲ್ಲ, ಮೊಂಡಿಯೂ ಬೇಕಿಲ್ಲ. ಸ್ವಿಚ್ಚಿಗೇ ಬೀಗ ಹಾಕಿ ಕೆಂಪು ಚೀಟಿ ನೇತುಹಾಕುತ್ತಾರಂತೆ. ಕೇಳಿ ನನಗೆ ಬಹಳ ಖುಷಿಯಾಯಿತು.

ಮೊನ್ನೆ ಇಲ್ಲಿ ನಂದಿನಿ ಲೇಔಟ್‌ನ ನಮ್ಮ ಮನೆ ಮುಂದಿನ ಹೊಂಗೆ ಮರ ಕಡಿಯಲು ಅವರು ಬಂದಿದ್ದಾಗ ವೈಫೈ ಹೋಯಿತು ಅಂತ ನೀವು ಎಷ್ಟು ರಂಪ ಮಾಡಿದಿರಿ! "ಕರೆಂಟ್ ಯಾವಾಗ ಬರುತ್ತೆ?" ಅಂತ ನನ್ನ ಪ್ರಾಣ ತಿಂದಿರಿ. ಆಗಲೇ ತಾನೇ ನಾನು ನಿಮ್ಮನ್ನು ಬಾಲ್ಕನಿಯಲ್ಲಿ ಕೂರಿಸಿಕೊಂಡು ಈ ಕಥೆ ಮೊದಲ ಸಲ ಹೇಳಿದ್ದು? ಕಥೆ ಮುಗಿದ ಮೇಲೆ ನಿಮ್ಮಲ್ಲಿ ಚಿಕ್ಕವನು ಎದ್ದು, ಕಂಬಿ ಹಿಡಿದು, ಮರದ ಕಡೆ ಕೂಗಿದ.

"ಅಣ್ಣಾ, ಎಲ್ಲಾರೂ ಇಳಿದ್ರಾ?"

ಬುಟ್ಟಿಯಲ್ಲಿದ್ದವರು ತಿರುಗಿ ನೋಡಿ ನಕ್ಕು, "ಇನ್ನೂ ಇಲ್ಲ ಪುಟ್ಟಾ!" ಅಂದರು.

"ಹಾಗಾದ್ರೆ ಕರೆಂಟ್ ಬೇಡ!" ಅಂದ ನನ್ನ ಮೊಂಡ.