ಬರಿದಾಗಿ ಮುಚ್ಚಬಾರದ ಗುಣಿ

ಬ್ಯಾಟರಾಯನಪುರದಾಚೆ ಮೂರು ಹಳ್ಳಿಗಳಿಗೆ ಒಂದೇ ಸ್ಮಶಾನವಿತ್ತು. ಸತ್ತ ಮೇಲೂ ಬೇಲಿ ಬಿಡುವ ಜನವಲ್ಲ, ಒಳಗೆ ಮೂರು ಪಾಲು ಮಾಡಿಕೊಂಡಿದ್ದರು. ಮೂರಕ್ಕೂ ಗುಣಿ ತೋಡುವವನು ಮಾತ್ರ ಬೈರಣ್ಣ ಒಬ್ಬನೇ. ಅವನಪ್ಪ ಪ್ಲೇಗಿನ ಕಾಲದಲ್ಲಿ ಬಾಗಲೂರಿನ ಕಡೆಯಿಂದ ಬಂದು ಸ್ಮಶಾನದ ಅಂಚಿನಲ್ಲೇ ಗುಡಿಸಲು ಹಾಕಿದ್ದ. ಹಾಗಾಗಿ ಬೈರಣ್ಣ ಮೂರೂ ಊರಿಗೆ ಬೇಕಾದವನು, ಯಾವ ಊರಿಗೂ ಸೇರಿದವನಲ್ಲ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಅವನ ಹೆಂಡತಿ ಮುನಿಶಾಮಮ್ಮ ಕ್ಷಯದಿಂದ ಹಾಸಿಗೆ ಹಿಡಿದಳು. ಸಾವಿನ ಹೆದರಿಕೆ ಅವಳಿಗಿರಲಿಲ್ಲ, "ನನ್ನ ಎಲ್ಲಿ ಮಡಗ್ತೀಯ?" ಎಂಬುದೊಂದೇ ಚಿಂತೆ. ಬೈರಣ್ಣ ಮೂರೂ ಊರಲ್ಲಿ ಕೈಮುಗಿದು ಕೇಳಿದ. ದೊಡ್ಡ ಊರಿನ ಯಜಮಾನ ಮುನಿವೆಂಕಟಯ್ಯ, "ನಮ್ಮ ಪಾಲಲ್ಲಿ ನಮ್ಮೋರೇ ಕಣೋ" ಅಂದ. ಉಳಿದವರೂ ಅದನ್ನೇ ಹೇಳಿದರು. ಅವರ ಅಪ್ಪ ಅಮ್ಮಂದಿರನ್ನೆಲ್ಲ ಮಣ್ಣಿಗಿಟ್ಟವನಿಗೆ ಹೆಂಡತಿಯನ್ನಿಡಲು ಆರಡಿ ಜಾಗವಿಲ್ಲ! ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಆಮೇಲೊಂದು ಮಧ್ಯಾಹ್ನ, ಜ್ವರ ಬಂದು ಮಲಗಿದ್ದ ಮುನಿವೆಂಕಟಯ್ಯನ ಮನೆಯಿಂದ ಗೋಳಾಟ ಕೇಳಿಸಿತು. ಹೇಳಿಕಳಿಸುವ ತನಕ ಕಾಯುವುದು ಪದ್ಧತಿ. ಆದರೆ ಬೇಸಿಗೆಯ ಗಟ್ಟಿ ನೆಲ, ಹೊತ್ತು ಮುಳುಗುವುದರೊಳಗೆ ಆಗಬೇಕೆಂದು ಬೈರಣ್ಣ ಅವರ ಪಾಲಲ್ಲಿ ಯಜಮಾನನಿಗೆ ಗುಣಿ ತೋಡಿಬಿಟ್ಟ. ಸಂಜೆಗೆ ನೋಡಿದರೆ ಯಜಮಾನ ಎದ್ದು ಕೂತು ಗಂಜಿ ಕುಡಿಯುತ್ತಿದ್ದ.

ತೋಡಿದ ಗುಣಿಯನ್ನು ಬರಿದಾಗಿ ಮುಚ್ಚಿದರೆ, ಯಾರಿಗೆ ತೋಡಿದ್ದೋ ಅವರನ್ನೇ ಅದು ಕರೆಯುತ್ತದೆ ಎಂದು ಅಲ್ಲಿಯವರ ನಂಬಿಕೆ. ಅಂಥ ಹೊತ್ತಿನಲ್ಲಿ ಬಾಳೆದಿಂಡು ಹೂಳುವುದುಂಟು. ಮುನಿವೆಂಕಟಯ್ಯನ ಜೀವಭಯಕ್ಕೆ ದಿಂಡು ಸಾಲಲಿಲ್ಲ. ಮರುದಿನವೇ ಕೋಲೂರಿಕೊಂಡು ಗುಡಿಸಲಿಗೆ ಬಂದ.

"ನಿನ್ ಎಂಡ್ತೀನ ಆ ಗುಣೀಲೇ ಮಡಗು ಬೈರಣ್ಣ. ಊರೋರ್ನ ನಾನು ಒಪ್ಪಿಸ್ತೀನಿ."

ಬೇಡಿದ ಜಾಗ ಬಾಗಿಲಿಗೇ ಬಂದಿತ್ತು. ಬೈರಣ್ಣ ಅವನ ಕಾಲಿಗೂ ಬಿದ್ದ. ಆದರೆ ಅಂದಿನಿಂದ ಬೆಳಗಾದರೆ ಯಜಮಾನನ ಮನೆಯವರು ಬಂದು "ಎಂಗವ್ಳೆ?" ಅಂತ ವಿಚಾರಿಸತೊಡಗಿದರು. "ಪರವಾಗಿಲ್ಲ" ಅಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಕೊನೆಗೊಂದು ದಿನ ಯಜಮಾನನೇ ಬಂದು ಒಳಗಿಣುಕಿ, "ಇನ್ನೂ ಎಷ್ಟು ದಿನ ಆಯ್ತದೋ?" ಅಂದ. ಮುನಿಶಾಮಮ್ಮನಿಗೆ ಕೇಳಿಸಿತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಬೈರಣ್ಣ ಗುದ್ದಲಿ ತೆಗೆದುಕೊಂಡು ಗುಣಿಯ ಕಡೆ ಹೊರಟ. ಯಜಮಾನ ಏದುಸಿರು ಬಿಡುತ್ತ ಹಿಂದೆಯೇ ಬಂದ. ಬೈರಣ್ಣ ಗುದ್ದಲಿಯನ್ನು ಗುಣಿಯೊಳಕ್ಕೆ ಎಸೆದು ಬರಿಗೈಯಲ್ಲಿ ಮಣ್ಣು ಎಳೆಯತೊಡಗಿದ.

"ಈ ಗುದ್ದಲಿ ನನ್ ಕೈ ಇದ್ದಂಗೆ ಸ್ವಾಮಿ. ನಿಮ್ಮೋರ್ನೆಲ್ಲ ಮಲಗಿಸಿದ್ದು ಇದ್ರಲ್ಲೇ. ಇದು ಸಾಲ್ದಾ ನಿಮಗೆ?"

ಮುನಿವೆಂಕಟಯ್ಯ ಗುಣಿ ಮುಚ್ಚುವವರೆಗೂ ನಿಂತಿದ್ದು ಮನೆಗೆ ಹೋದ.

ಗುಡಿಸಲಿಗೆ ಬಂದಾಗ ಬೈರಣ್ಣನ ಉಗುರುಗಳಲ್ಲಿ ರಕ್ತವಿತ್ತು. "ಗುದ್ದಲಿ ಎಲ್ಲಿ?" ಅಂದಳು ಹೆಂಡತಿ. ಅವನು ನಡೆದದ್ದನ್ನು ಹೇಳಿದ. ಬಹಳ ದಿನದ ಮೇಲೆ ಅವಳು ನಕ್ಕಳು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವನ ಕೈ ಹಿಡಿದುಕೊಂಡು ಕೇಳಿದಳು:

"ಇನ್ನ ನಂಗೆ ಎಲ್ಲಿ ತೋಡ್ತೀಯ? ಯಾತ್ರಲ್ಲಿ ತೋಡ್ತೀಯ?"