ಹಿಂದಿನ ಗೇಟಿನಿಂದ ಐದೇ ನಿಮಿಷ

ರಾಜಧಾನಿಯ ದ್ವಾರಕಾ ಬಡಾವಣೆಯಲ್ಲಿ ನಾವು ಕೊಂಡದ್ದು ಇಪ್ಪತ್ತೈದು ವರ್ಷ ಹಳೆಯ ಫ್ಲ್ಯಾಟು. ಗೋಡೆಯ ಸುಣ್ಣ ಉದುರುತ್ತಿತ್ತು, ಲಿಫ್ಟು ಮೇಲೇರುವಾಗ ನರಳುತ್ತಿತ್ತು. ಆದರೇನಂತೆ, ಮೆಟ್ರೋ ಸ್ಟೇಷನ್ನಿಗೆ ಐದೇ ನಿಮಿಷ! ನನ್ನ ಹೆಂಡತಿಗೆ ಬೇಕಾಗಿದ್ದದ್ದು ಅಷ್ಟೇ. ದೂರದ ಕಾಲೇಜಿಗೆ ಪಾಠ ಮಾಡಲು ಹೋಗಿ ಬಂದು ಅವಳ ಮಂಡಿಗಳು ಸೋತಿದ್ದವು. "ನಡೆಯೋದು ಕಮ್ಮಿ ಆಗದಿದ್ರೆ ಕೆಲಸ ಬಿಡಬೇಕಾಗುತ್ತೆ ಕಣ್ರೀ" ಎಂದಿದ್ದಳು. ಪಾಠವೆಂದರೆ ಅವಳಿಗೆ ಜೀವ.

ಮನೆ ನೋಡಲು ಮೂರು ಸಲ ಹೋದೆವು, ಮೂರೂ ಸಲ ಭಾನುವಾರ ಬೆಳಿಗ್ಗೆ. "ಒಂದ್ಸಲ ಸಂಜೆ ನೋಡೋಣ್ವಾ, ನಾನು ವಾಪಸ್ ಬರೋ ಹೊತ್ತಿಗೆ?" ಎಂದು ಅವಳು ಕೇಳಿದ್ದುಂಟು. "ಭಾನುವಾರ ಸಂಜೆ ರಾಹುಕಾಲ, ಅಷ್ಟೂ ಗೊತ್ತಾಗಲ್ವಾ?" ಎಂದು ಗದರಿದವನು ನಾನೇ. ಮಹಾಜ್ಞಾನಿ! ಬ್ರೋಕರ್ ಭಯ್ಯಾ ಪ್ರತಿ ಸಲವೂ ಸೊಸೈಟಿಯ, ಅಂದರೆ ಆ ವಸತಿ ಸಮುಚ್ಚಯದ, ಹಿಂದಿನ ಗೇಟಿನಿಂದ ಸ್ಟೇಷನ್ನಿಗೆ ನಡೆಸಿ, ವಾಚು ತೋರಿಸಿ, "ದೇಖಿಯೇ ಸರ್, ಪಾಂಚ್ ಮಿನಿಟ್" ಎಂದ. ಪಾಪ, ಸುಳ್ಳೇನೂ ಹೇಳಲಿಲ್ಲ.

ಹಾಲುಕ್ಕಿಸಿದ ಮರುದಿನ ತಿಳಿಯಿತು: ಹಿಂದಿನ ಗೇಟು ತೆರೆದಿರುವುದು ಬೆಳಿಗ್ಗೆ ಹನ್ನೊಂದರವರೆಗೆ ಮಾತ್ರ. ಆಮೇಲೆ ಬೀಗ. ಪಕ್ಕದ ಎರಡು ಸೊಸೈಟಿಗಳನ್ನೂ ಬಳಸಿಕೊಂಡು ಮುಂದಿನ ಗೇಟಿಗೆ ಬರಲು ಅವಳಿಗೆ ಅರ್ಧ ಗಂಟೆ ಬೇಕು. ಇಷ್ಟು ಹತ್ತಿರಕ್ಕೆ ರಿಕ್ಷಾದವರು ತಿರುಗಿಯೂ ನೋಡುವುದಿಲ್ಲ.

ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು ನನ್ನ ಹರಕು ಹಿಂದಿಯಲ್ಲಿ ಅಂಗಲಾಚಿದೆ. ಅಧ್ಯಕ್ಷರು ನಿವೃತ್ತ ಅಧಿಕಾರಿ. ಜೀವನವಿಡೀ ಫೈಲು ಮುಚ್ಚಿದ ಕೈ ಗೇಟು ತೆರೆದೀತೇ? "ಸೆಕ್ಯೂರಿಟಿ ಕಾ ಸವಾಲ್ ಹೈ" ಎಂದು ಭದ್ರತೆಯ ಮಾತೆತ್ತಿ ಮುಗಿಸಿದರು. ಚಪ್ಪಾಳೆ ಬಿತ್ತು, ಸಮೋಸ ಬಂತು. ನಾನೂ ಎರಡು ತಿಂದೆ.

ಈಗ ದಿನಾ ಸಂಜೆ ಅವಳು ಸ್ಟೇಷನ್ನಿನಿಂದ ಫೋನ್ ಮಾಡುತ್ತಾಳೆ. ನಾನು ಇಳಿದು ಹೋಗಿ ಗೇಟಿನ ಒಳಗೆ ನಿಲ್ಲುತ್ತೇನೆ. ಸರಳುಗಳ ಸಂದಿಯಿಂದ ಮೊದಲು ಊಟದ ಡಬ್ಬಿ, ಆಮೇಲೆ ಉತ್ತರ ಪತ್ರಿಕೆಗಳ ಚೀಲವನ್ನು ಓರೆ ಮಾಡಿ ತೂರಿಸುತ್ತಾಳೆ. ಕೈ ಖಾಲಿಯಾದರೆ ಗೋಡೆ ಹಿಡಿದುಕೊಂಡು ನಡೆಯಬಹುದಲ್ಲ.

ಮೊನ್ನೆ ಡಬ್ಬಿಯ ಹಿಂದೆ ಚೀಲ ಬರಲಿಲ್ಲ, ಮಡಚಿದ ಕಾಗದವೊಂದು ಬಂತು. ಬಿಚ್ಚಿದೆ. ರಾಜೀನಾಮೆ ಪತ್ರ.

"ಸಹಿ ಒಂದು ಬಾಕಿ ಇದೆ ರೀ. ಒಳ್ಳೇ ಗಳಿಗೆ ನೋಡಿ ಹೇಳಿ, ನಿಮಗೆ ಗೊತ್ತಾಗುತ್ತಲ್ಲ."

ಕಾಗದವನ್ನು ಮತ್ತೆ ಮಡಚಿದೆ. ಅವಳು ಗೋಡೆ ಹಿಡಿದು ನಡೆಯತೊಡಗಿದಳು.