ಏಣಿಯ ಮೇಲಿದ್ದಾಗ ಕಂಡದ್ದು

ಬೋರ್ಡಕ್ಕ ಎಂದರೆ ಆ ಬೀದಿಯಲ್ಲಿ ಯಾರಿಗೂ ಗುರುತು ಹೇಳಬೇಕಿರಲಿಲ್ಲ. ಅಪ್ಪನಿಂದ ಕುಂಚ ಹಿಡಿಯಲು ಕಲಿತು, ಮದುವೆಯ ಗೊಡವೆಗೆ ಹೋಗದೆ, ಅಂಗಡಿಗಳ ಹೆಸರು ಬರೆಯುತ್ತಲೇ ನಲವತ್ತು ದಾಟಿದವಳು. ತಮ್ಮ ಮತ್ತು ಅವನ ಹೆಂಡತಿಯ ಜೊತೆ ಎರಡು ಕೋಣೆಯ ಮನೆಯಲ್ಲಿ ವಾಸ. ಬಾಯಿ ಸ್ವಲ್ಪ ಜೋರು. "ತಲೆಕಟ್ಟು ಬಿಟ್ಟರೆ ಅಂಗಡಿಯವನ ತಲೆಯೇ ಹೋದ ಹಾಗೆ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು.

ಅವತ್ತು ಮಧ್ಯಾಹ್ನ ಏಣಿ ಹತ್ತಿ ಔಷಧಿ ಅಂಗಡಿಯ ಬೋರ್ಡು ಬರೆಯುತ್ತಿದ್ದಳು. ಎದುರು ಕಟ್ಟಡದ ಬಾಲ್ಕನಿಯಲ್ಲಿ ಗಡಿಯಾರ ರಿಪೇರಿಯ ಮುದುಕರಿಗೂ ಕಟ್ಟಡದ ಯಜಮಾನನಿಗೂ ಮಾತಿಗೆ ಮಾತು ಬೆಳೆದಿತ್ತು. ಮುದುಕರು ಮನೆ ಖಾಲಿ ಮಾಡಲು ಒಪ್ಪುತ್ತಿಲ್ಲವೆಂಬುದು ಬೀದಿಗೆಲ್ಲ ಹಳೇ ಸುದ್ದಿ. ಕುಂಚ ಅದ್ದಿ ಹಿಂತಿರುಗಿ ನೋಡಿದಾಗ ಯಜಮಾನನ ಎರಡೂ ಕೈ ಮುದುಕರ ಎದೆಯ ಮೇಲಿದ್ದವು. ಮರುಕ್ಷಣ ಅಲ್ಲಿ ಅವನೊಬ್ಬನೇ.

ಅವನು ಕೆಳಗೆ ನೋಡಿದ. ಆಮೇಲೆ ಬೀದಿಯತ್ತ ಕಣ್ಣಾಡಿಸಿದ. ಅವಳು ಬೋರ್ಡಿಗೆ ಮುಖ ಮಾಡಿ, ಬರೆದ ಅಕ್ಷರವನ್ನೇ ಮತ್ತೆ ತಿದ್ದಿದಳು.

ಕಾಲು ಜಾರಿ ಬಿದ್ದು ಸತ್ತರಂತೆ ಎಂದು ಬೀದಿ ಮಾತಾಡಿಕೊಂಡಿತು. ಬೋರ್ಡಕ್ಕ ತುಟಿ ಬಿಚ್ಚಲಿಲ್ಲ. ಮರುದಿನ ಏಣಿ ಅಲ್ಲಾಡಿದಂತಾಗಿ ನೋಡಿದರೆ, ಯಜಮಾನ ಅದನ್ನು ಹಿಡಿದು ನಿಂತಿದ್ದ.

"ಹುಷಾರಮ್ಮ. ಮೇಲಿಂದ ಎಲ್ಲಾ ಚೆನ್ನಾಗಿ ಕಾಣುತ್ತೆ, ಅಲ್ವಾ?"

"ನನಗೆ ಅಕ್ಷರ ಬಿಟ್ಟು ಬೇರೇನೂ ಕಾಣಲ್ಲ ಸ್ವಾಮಿ," ಎಂದಳು.

ಅಲ್ಲಿಂದ ಎಲ್ಲದರ ಮೇಲೂ ಅನುಮಾನ. ಔಷಧಿ ಅಂಗಡಿಯವನು ಚಹಾ ಕೊಟ್ಟರೂ ಮೂಸಿ ನೋಡುವಳು. ಹಿಂದೆ ಸ್ಕೂಟರಿನ ಸದ್ದು ಮೆಲ್ಲಗಾದರೂ ಗೋಡೆಗೆ ಸರಿದು ನಿಲ್ಲುವಳು. ತಾಳಲಾರದೆ ತಮ್ಮ ಊಟಕ್ಕೆ ಕೂತಾಗ ಹೇಳಿಬಿಟ್ಟಳು.

"ಆ ಮುದುಕರು ಜಾರಿ ಬೀಳಲಿಲ್ಲ ಕಣೋ. ತಳ್ಳಿದ್ದನ್ನ ನಾನೇ ನೋಡಿದೆ."

ತಮ್ಮ ತಟ್ಟೆಯಿಂದ ತಲೆಯೆತ್ತಲಿಲ್ಲ. "ಸುಮ್ನಿರಕ್ಕ. ಯಜಮಾನ್ರು ಅಂಥವರಲ್ಲ."

ತಳ್ಳಿದವರು ಯಾರೆಂದು ಅವಳು ಹೇಳಿರಲೇ ಇಲ್ಲ.

"ಯಜಮಾನ್ರ ಹೆಸರು ಯಾರು ಎತ್ತಿದ್ರು?"

ತಮ್ಮನ ಹೆಂಡತಿ ನಲ್ಲಿ ನಿಲ್ಲಿಸಿದಳು. "ಹೇಳಿಬಿಡಿ," ಎಂದಳು ಗಂಡನಿಗೆ.

"ನೀನು ಏನು ನೋಡಿದೆ ಅಂತ ತಿಳ್ಕೊಂಡು ಬಾ ಅಂದ್ರು. ಗೋಡೌನಲ್ಲಿ ಕೆಲಸ ಕೊಡ್ತಾರಂತೆ. ಏನೂ ನೋಡಿಲ್ಲ ಅಂತ ಹೇಳ್ತೀನಕ್ಕ, ಮುಗೀತು."

ಹೇಳುತ್ತಾನೋ ಇಲ್ಲವೋ, ಅವನ ಮುಖ ನೋಡಿದರೆ ತಿಳಿಯಲಿಲ್ಲ. ತಾನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ ಅವನು. ಚಪ್ಪಲಿ ಮೆಟ್ಟಿ ಪೊಲೀಸ್ ಠಾಣೆಗೆ ಹೋದಳು. ಬಾಗಿಲಿನಿಂದಲೇ ಯಜಮಾನನ ನಗು ಕೇಳಿಸಿತು. ಒಳಗೆ ಇನ್‌ಸ್ಪೆಕ್ಟರ್ ಜೊತೆ ಹರಟುತ್ತಿದ್ದ. ಬಂದ ದಾರಿಯಲ್ಲೇ ತಿರುಗಿ, ಮುದುಕರ ಮಗಳ ಮನೆಯ ಕದ ತಟ್ಟಿದಳು. ಆಕೆ ನರ್ಸು. ಬಾಗಿಲಲ್ಲೇ ನಿಂತು ಕಂಡದ್ದನ್ನೆಲ್ಲ ಹೇಳಿದಳು.

"ಇಷ್ಟು ದಿನ ಯಾಕೆ ಸುಮ್ನಿದ್ರಿ? ಅವನೇ ಕಳಿಸಿದ್ನಾ?" ಎಂದಳು ಮಗಳು.

"ಹೆದರಿಕೊಂಡಿದ್ದೆ ಕಣಮ್ಮ. ಈಗಲೂ ಹೆದರಿಕೆನೇ."

ಮಗಳು ಬಾಗಿಲು ಪೂರ್ತಿ ತೆರೆದು ಒಳಗೆ ಕರೆದಳು. ಇಬ್ಬರೂ ವಕೀಲರನ್ನು ಹಿಡಿದು ನೇರ ಪೊಲೀಸ್ ಮೇಲಧಿಕಾರಿಗಳ ಬಳಿ ಹೋದರು. ಬೋರ್ಡಕ್ಕ ಬಾಯಿಬಿಟ್ಟ ಮೇಲೆ, ಮುದುಕರ ಮನೆಯ ಕೆಳಗಿದ್ದ ಟೈಲರ್ ಕೂಡ ಜಗಳ ಕೇಳಿಸಿಕೊಂಡಿದ್ದನ್ನು ಒಪ್ಪಿಕೊಂಡ. ಯಜಮಾನನಿಗೆ ಜೈಲಾಯಿತು.

ಬೋರ್ಡಕ್ಕ ಈಗ ಬೇರೆ ಕೋಣೆ ಮಾಡಿಕೊಂಡಿದ್ದಾಳೆ. ತಮ್ಮ ಆಗಾಗ ಬರುತ್ತಾನೆ, ಅವಳೂ ಚಹಾ ಮಾಡಿಕೊಡುತ್ತಾಳೆ. ಆದರೆ ಅವನು ಕದ ತಟ್ಟಿದಾಗಲೆಲ್ಲ, ಚಿಲಕ ತೆಗೆಯುವ ಮೊದಲು ಒಳಗಿನಿಂದಲೇ ಕೇಳುತ್ತಾಳೆ: "ಜೊತೆಗೆ ಯಾರಿದ್ದಾರೋ?"